ರೋಸ್‌ಮೇರಿ ಬಾಯಿಗೊಂದು ಶಾಲು

ಅಲ್ ಹಿಲಾಲ್, ದೋಹಾ
5 ಜುಲೈ 1996

ಸಭಾಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾದ ಗಣ್ಯರೇ, ಕುರ್ಚಿ ಸಾಲದೆ ವೇದಿಕೆಯ ಪಕ್ಕದಲ್ಲಿ ನಿಂತಿರುವ ಇನ್ನೂ ದೊಡ್ಡ ಗಣ್ಯರೇ, ಮುಂದಿನ ಸಾಲಿನಲ್ಲಿ ಗಡಿಯಾರವನ್ನೂ ಹಿಂದಿನ ಸಾಲಿನಲ್ಲಿ ಬಿರಿಯಾನಿಯ ಬಾಗಿಲನ್ನೂ ದಿಟ್ಟಿಸುತ್ತಿರುವ ಸಮಸ್ತ ಕನ್ನಡ ಬಾಂಧವರೇ,

ಕಡಲಿನ ಮಂಗಳೂರಿನಲ್ಲಿ ಜನಿಸಿ, ಮರಳಿನ ದೋಹಾದಲ್ಲಿ ನೆಲೆಸಿ, ಕರಿಬಿಳಿ ಕೀಗಳ ಮೇಲೆ ಬೆರಳುಗಳ ಕುಣಿಸಿ, ಕೇಳಿದವರ ಕಿವಿಗಳ ತಣಿಸಿ...

ರೋಸ್‌ಮೇರಿ ಬಾಯಿಯವರೇ, ಗಾಬರಿ ಬೇಡ. ತಾಲೀಮು ನಡೆಸುತ್ತಿದ್ದೇನೆ.

ರಜೆಗೆಂದು ಊರಿಗೆ ಹೋದವರಿಗೆ ಇಂಥ ಕಾಗದ ಬರೆಯುವುದು ಸರಿಯಲ್ಲ. ಆದರೆ ವಿಷಯ ಹೀಗಿದೆ. ನವೆಂಬರಿನ ರಾಜ್ಯೋತ್ಸವದಲ್ಲಿ ನಿಮ್ಮನ್ನು ಸನ್ಮಾನಿಸುವ ಆಲೋಚನೆ ನಮ್ಮ ಸಂಘದಲ್ಲಿ ಎದ್ದಿದೆ. ಶಾಲು ಹೊದಿಸುವ ಮುಂಚೆ ಬಿನ್ನವತ್ತಳೆ ಓದಬೇಕಲ್ಲ. ಸನ್ಮಾನಿತರ ಗುಣಗಾನವನ್ನು ಪ್ರಾಸಬದ್ಧವಾಗಿ, ಕೇಳುವವರು ತೂಕಡಿಸುವಷ್ಟು ದೀರ್ಘವಾಗಿ ಬರೆದು ಚೌಕಟ್ಟು ಹಾಕಿಸುವ ಆ ಕೆಲಸ ಎಂದಿನಂತೆ ನನ್ನದು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿ ಸಿಮೆಂಟ್ ಕಂಪನಿಯ ಫೈಲುಗಳಿಗೆ ನಂಬರು ಹಾಕುತ್ತಿರುವ ನಲವತ್ತಾರರ ಮಂಡ್ಯದವನಿಗೆ ಇಲ್ಲಿ ಉಳಿದಿರುವ ಸಾಹಿತ್ಯಸೇವೆ ಇದೊಂದೇ.

ನಿಮ್ಮ ಬಗ್ಗೆ ನನಗೆ ಗೊತ್ತಿರುವುದು ಸ್ವಲ್ಪ. ಜಲೀಲರ ವಾದ್ಯದಂಗಡಿಯ ವೀಸಾದಲ್ಲಿದ್ದೀರಿ, ಹಗಲೆಲ್ಲ ಗಿರಾಕಿಗಳಿಗೆ ಕೀಬೋರ್ಡು ನುಡಿಸಿ ತೋರಿಸುತ್ತೀರಿ. ಗುರುವಾರ ಸಂಜೆ ಹೋಟೆಲಿನ ಲಾಬಿಯಲ್ಲಿ ಇಂಗ್ಲಿಷ್ ಹಾಡು, ಶುಕ್ರವಾರ ಬೆಳಿಗ್ಗೆ ನಿಮ್ಮವರ ಪ್ರಾರ್ಥನೆ, ಸಂಜೆ ಮಲಯಾಳಿಗಳ ಗಾನಮೇಳವೋ ಗೋವಾದವರ ಕುಣಿತವೋ. ಮದುವೆಯ ಕಾಲ ಬಂದರೆ ಹೆಂಗಸರೇ ಸೇರುವ ಮದುವೆ ಹಾಲ್. ಗಂಡಸು ವಾದ್ಯಗಾರರು ಕಾಲಿಡುವಂತಿಲ್ಲದ ಆ ಹಾಲ್‌ಗಳಿಗೆ ನಮ್ಮ ಜನರಲ್ಲಿ ಇರುವ ಕೀಬೋರ್ಡ್ ಕಲಾವಿದೆ ನೀವೊಬ್ಬರೇ.

ಕಳೆದ ಚಳಿಗಾಲದಲ್ಲಿ ದೋಹಾದ ಅಂಚಿನ ಮುಐದರ್‌ನಲ್ಲಿ ಒಂದು ಮದುವೆ ಇತ್ತು. ನನ್ನ ಹೆಂಡತಿ ಪುಟ್ಟಮ್ಮ ಒಳಗೆ. ನಾನು ಹೊರಗೆ, ಕಾರುಗಳ ನಡುವೆ, ಹೆಂಡತಿಯರಿಗಾಗಿ ಕಾಯುವ ಗಂಡಂದಿರ ಸಾಲಿನಲ್ಲಿ. ಗೋಡೆಯಾಚೆ ನೀವು ಮದುಮಗಳಿಗೆಂದೇ ಕಟ್ಟಿದ ಹಾಡು. ಪದ ಒಂದೂ ತಿಳಿಯಲಿಲ್ಲ. ಸಾಲಿಗೊಮ್ಮೆ ನಗು ಕೇಳುತ್ತಿತ್ತು. ಆಮೇಲೆ ಒಂದು ಸಾಲಿಗೆ ನಗು ಬರಲಿಲ್ಲ, ಒಳಗೆಲ್ಲ ಗಪ್‌ಚಿಪ್. ಮನೆಗೆ ಬರುವಾಗ ಆ ಸಾಲು ಯಾವುದೆಂದು ಪುಟ್ಟಮ್ಮನನ್ನು ಕೇಳಿದರೆ, "ಒಳಗಿನ್ ಮಾತು ಒಳಗೇ ಕಣ್ರೀ" ಅಂದಳು. ಅಂದಿನಿಂದ ನನಗೆ ಕುತೂಹಲದ ಕಾಯಿಲೆ.

ಆದ್ದರಿಂದ ಸಮಿತಿಯ ಪರವಾಗಿ ಪ್ರಶ್ನಾವಳಿ:

ಹುಟ್ಟಿದ ಕೇರಿ ಯಾವುದು?
ಮುಟ್ಟಿದ ಮೊದಲ ವಾದ್ಯ ಯಾವುದು?
ಬೆರಳಿಗೆ ಕುಟ್ಟಿ ಕಲಿಸಿದವರು ಯಾರು?
ಹಾಡು ಕಟ್ಟುವ ಹುಚ್ಚು ಹಿಡಿಸಿದವರು ಯಾರು?

ಫೋನಿನಲ್ಲಿ ಇದನ್ನೆಲ್ಲ ಕೇಳಿದರೆ ನಿಮ್ಮ ಬಾಲ್ಯ ಮುಗಿಯುವಷ್ಟರಲ್ಲಿ ನನ್ನ ಸಂಬಳ ಮುಗಿಯುತ್ತದೆ. ಕಾಗದವನ್ನೇ ಬರೆಯಿರಿ, ಕಂಪನಿಯ ಪೋಸ್ಟ್ ಬಾಕ್ಸಿಗೆ.

ಇತಿ,
ಗೋಪಿನಾಥ್


ಬಿಜೈ, ಮಂಗಳೂರು
22 ಜುಲೈ 1996

ಗೋಪಿನಾಥ್ ಸರ್ ಅವರಿಗೆ ವಂದನೆಗಳು.

ಕಾಗದ ತಲುಪಿತು. ಗಣ್ಯರೇ ಬಾಂಧವರೇ ಎಂದು ಓದಿ, ಬೇರೆಯವರದ್ದು ನನಗೆ ಬಂತಾ ಅಂತ ಕವರನ್ನು ತಿರುಗಿಸಿ ನೋಡಿದೆ. ಸನ್ಮಾನ ಅಂದರೆ ಸಂತೋಷವೇ. ಆದರೆ ನನಗೆ ಯಾಕೆ, ಅದೂ ಈಗಲೇ ಯಾಕೆ ಅಂತ ತಿಳಿಯಲಿಲ್ಲ. ಸಂಘದವರು ಇಷ್ಟು ವರ್ಷದಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ, ವಯರು ನೀವೇ ತರುತ್ತೀರಾ ಅಂತ.

ಹುಟ್ಟಿದ್ದು ಇಲ್ಲಿಯೇ. ಮೊದಲ ವಾದ್ಯ ನಮ್ಮ ಇಗರ್ಜಿಯ ಕಾಲುಪೆಟ್ಟಿಗೆ, ಅಂದರೆ ಕಾಲಲ್ಲಿ ತುಳಿಯುತ್ತಾ ನುಡಿಸುವ ಹಾರ್ಮೋನಿಯಂ. ಅದರಲ್ಲಿ ನಡುವಿನ ಒಂದು ಕಪ್ಪು ಕೀ ನಾನು ಹುಟ್ಟುವ ಮೊದಲೇ ಸತ್ತಿತ್ತು. ರಿಪೇರಿಯವರು ಗೋವಾದಿಂದ ಬರಬೇಕು, ಬರಲಿಲ್ಲ. ಯಾವ ಗೀತೆಗೆ ಆ ಸ್ವರ ಬೇಕೋ ಅದನ್ನು ಬೇರೆ ಮನೆಯಿಂದ, ಅಂದರೆ ಬೇರೆ ಶ್ರುತಿಯಿಂದ, ಎತ್ತಿಕೊಂಡರೆ ಸತ್ತ ಕೀ ದಾರಿಗೆ ಸಿಗುವುದಿಲ್ಲ. ಹಾಡುವವರ ಗಂಟಲು ನೋಡಿ, ಕೀ ನೋಡಿ, ಪ್ರತಿ ಆದಿತ್ಯವಾರ ದಾರಿ ಬದಲಿಸಿ ಬದಲಿಸಿ ಅಭ್ಯಾಸ ಆಯಿತು. ಈಗ ಯಾರು ಯಾವ ಶ್ರುತಿಯಲ್ಲಿ ಎತ್ತಿದರೂ ಕೈ ಅಲ್ಲಿಗೆ ಹೋಗುತ್ತದೆ. ಗುರು ಯಾರು ಅಂತ ಕೇಳಿದಿರಲ್ಲ, ಆ ಕೀಯನ್ನೇ ಹಾಕಿ.

ಮತ್ತೆ ಬ್ಯಾಂಡು, ನಾಟಕ, ಕ್ಯಾಸೆಟ್ಟು, ಬೊಂಬಾಯಿಯ ಹೋಟೆಲು. ಬರೆದರೆ ಉದ್ದ ಆಗುತ್ತದೆ.

ಒಂದು ಉಪಕಾರ ಆಗಬೇಕು. ಜಲೀಲ್ ಸಾಹೇಬರು ರಿಟರ್ನ್ ಟಿಕೆಟ್ ಕಳಿಸುತ್ತೇನೆ ಅಂದವರು ಇನ್ನೂ ಕಳಿಸಲಿಲ್ಲ. ನಾನು ಮೇ ಕೊನೆಗೆ ಬಂದದ್ದು. ಆರು ತಿಂಗಳು ಹೊರಗಿದ್ದರೆ ವೀಸಾ ಖಲಾಸ್ ಅಂತ ನಿಮಗೆ ಗೊತ್ತುಂಟು. ಇಲ್ಲಿಯ ಮದುವೆಗಳಲ್ಲಿ ಈಗ ಕ್ಯಾಸೆಟ್ ಹಾಕುತ್ತಾರೆ, ಮನುಷ್ಯರನ್ನು ಕರೆಯುವುದಿಲ್ಲ. ನುಡಿಸಿ ಬದುಕಬೇಕಾದರೆ ನನಗೆ ದೋಹಾವೇ. ಅಂಗಡಿ ಕಡೆ ಹೋದರೆ ಸ್ವಲ್ಪ ನೆನಪು ಮಾಡಿ.

ಪುಟ್ಟಮ್ಮನವರಿಗೆ ನನ್ನ ನಮಸ್ಕಾರ.

ರೋಸ್‌ಮೇರಿ


ದೋಹಾ
6 ಆಗಸ್ಟ್ 1996

ರೋಸ್‌ಮೇರಿ ಬಾಯಿಯವರೇ,

ಸತ್ತ ಕೀಯನ್ನು ಗುರುವೆಂದು ಒಪ್ಪಿದ ಶಿಷ್ಯೆಯನ್ನು ನಾನು ಕಂಡಿರಲಿಲ್ಲ. ನಮ್ಮ ಆಫೀಸಿನಲ್ಲಿ ಅಂಥ ಗುರುಗಳು ಬೇಕಾದಷ್ಟಿದ್ದಾರೆ, ದಾರಿ ಬದಲಿಸುವುದನ್ನು ಮಾತ್ರ ಯಾರೂ ಕಲಿಯಲಿಲ್ಲ. ಕಾಗದವನ್ನು ಪುಟ್ಟಮ್ಮನಿಗೆ ಓದಿ ಹೇಳಿದೆ. ಆಯಮ್ಮನ ವಿನಯ ನೋಡಿ ಕಲಿತುಕೊಳ್ಳಿ ಎಂದು ನನಗೇ ಬುದ್ಧಿ ಹೇಳಿದಳು.

"ಈಗಲೇ ಯಾಕೆ" ಎಂದು ಕೇಳಿದ್ದೀರಿ. ದೊಡ್ಡ ಕಲಾವಿದರೆಲ್ಲ ಹಾಗೇ ಕೇಳುವುದು. ಈಗಲ್ಲದೆ ಇನ್ಯಾವಾಗ?

ಜಲೀಲರ ಅಂಗಡಿಗೆ ಹೋಗಿದ್ದೆ. ಟಿಕೆಟಿನ ಮಾತು ಎತ್ತಲಿಲ್ಲ, ಕ್ಷಮಿಸಿ. ಶಾಲು ಹೊದೆಯಲಿರುವವರ ಪರವಾಗಿ ಟಿಕೆಟ್ ಕೇಳುವುದು ಅವರ ಘನತೆಗೆ ಒಪ್ಪುವುದಿಲ್ಲ. ಬದಲಿಗೆ ಸನ್ಮಾನದ ಸುದ್ದಿ ಹೇಳಿದೆ. ಸುದ್ದಿ ಕಿವಿಗೆ ಬಿದ್ದ ಮೇಲೆ ಟಿಕೆಟ್ ತಾನಾಗಿ ಓಡಿ ಬರುತ್ತದೆ ಎಂಬುದು ನನ್ನ ತಂತ್ರ. ಅವರು ನನ್ನನ್ನು ಕೂರಿಸಿದರು. ಸುಲೈಮಾನಿ ಚಹಾ ತರಿಸಿದರು. ಆಮೇಲೆ, "ಹೌದಾ. ಬಾಯಿ ನಂಗೆ ಒಂದು ಮಾತು ಹೇಳ್ಲಿಲ್ಲ ಮಾರಾಯ್ರೆ. ಇರ್ಲಿ, ಚಂದ ಮಾಡಿ" ಅಂದರು. ನೀವು ನುಡಿಸುವ ಕೀಬೋರ್ಡಿನ ಧೂಳು ಒರೆಸಿ ತಾವೇ ಬಟ್ಟೆ ಮುಚ್ಚಿದರು. ನಿಮ್ಮ ಮೇಲೆ ಅವರಿಗೆ ಎಂಥ ಅಭಿಮಾನ ನೋಡಿ. ಅಂಗಡಿಗೆ ಮನಿಲಾದಿಂದ ಕೀಬೋರ್ಡು ನುಡಿಸುವ ಹುಡುಗಿಯೊಬ್ಬಳನ್ನು ತರಿಸುವ ಯೋಚನೆಯೂ ಇದೆಯಂತೆ. ನಿಮ್ಮ ಭಾರ ಹಗುರಾಯಿತು.

ಸುದ್ದಿ ಮುಐದರ್ ತನಕ ಹೋಗಿದೆ. ಸೌದಾ ಅವರು, ಅದೇ ನವೆಂಬರಿನಲ್ಲಿ ಮಗಳು ಶಹನಾಳ ಮದುವೆ ಇಟ್ಟುಕೊಂಡವರು, ಪುಟ್ಟಮ್ಮನಿಗೆ ಫೋನು ಮಾಡಿ ನಿಮ್ಮನ್ನು ಬಾಯ್ತುಂಬ ಹೊಗಳಿ, ಕೊನೆಗೆ "ಇನ್ನು ನಮ್ಮ ಹಾಲ್‌ಗೆ ಯಾರು ಗತಿ?" ಎಂದು ನಿಟ್ಟುಸಿರು ಬಿಟ್ಟರಂತೆ. ಸನ್ಮಾನವಾದ ಮೇಲೆ ನೀವು ಸುಲಭವಾಗಿ ಸಿಗುವುದಿಲ್ಲ ಎಂಬ ಭಯವಿರಬೇಕು.

ಇನ್ನು ಸಮಿತಿಯವರು ವಿಶೇಷವಾಗಿ ತಿಳಿಯಬಯಸಿರುವುದು: ಹಾಡು ಕಟ್ಟುವಾಗ ಪದ ಮೊದಲೋ, ಧಾಟಿ ಮೊದಲೋ? ಪ್ರಾಸ ಧಾಟಿಗೆ ಊರುಗೋಲೋ, ತೊಡರುಗಾಲೋ? ಓದುವಾಗ ಲಕ್ಷಣವಾಗಿರುವ ಪದ್ಯವೊಂದು ಹಾಡಲು ಹೋದಾಗ ಕುಂಟುವುದು ಏತಕ್ಕೆ? ಇವಕ್ಕೆ ವಿವರವಾಗಿ ಬರೆಯಬೇಕು. ಹುಟ್ಟಿದ ತಾರೀಕು ಬೇಕಾದರೆ ಬಿಡಿ.

ಇತಿ,
ಗೋಪಿನಾಥ್


ಮಂಗಳೂರು
20 ಆಗಸ್ಟ್ 1996

ಗೋಪಿನಾಥ್ ಸರ್,

ಸಮಿತಿಯವರಿಗೆ ಇಷ್ಟು ಕುತೂಹಲ ಉಂಟು ಅಂತ ಗೊತ್ತಿರಲಿಲ್ಲ. ಹುಟ್ಟಿದ ತಾರೀಕು ಬೇಡವಂತೆ, ಪದ್ಯ ಯಾಕೆ ಕುಂಟುತ್ತದೆ ಅಂತ ಬೇಕಂತೆ. ಇರಲಿ, ಕೇಳಿದ್ದಕ್ಕೆ ಹೇಳುತ್ತೇನೆ.

ಪದವೂ ಮೊದಲಲ್ಲ, ಧಾಟಿಯೂ ಮೊದಲಲ್ಲ. ನನಗೆ ಹೆಸರು ಮೊದಲು. ಮದುಮಗಳ ಹೆಸರನ್ನು ಅವಳ ಚಿಕ್ಕಮ್ಮಂದಿರು ಮನೆಯೊಳಗೆ ಹೇಗೆ ಕೂಗಿ ಕರೆಯುತ್ತಾರೆ ಅಂತ ಕೇಳುತ್ತಾ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂರುತ್ತೇನೆ. ರೈಹಾನಾ ಅಂತ ಎಳೆದು ಕರೆದರೆ ಒಂದು ನಡಿಗೆ, ಶಹನಾ ಅಂತ ಚುಟುಕಾಗಿ ಕರೆದರೆ ಇನ್ನೊಂದು. ಆ ಕೂಗೇ ಹಾಡಿನ ಮೊದಲ ಸಾಲು. ಉಳಿದದ್ದು ಅದರ ಹಿಂದೆ ಬರುತ್ತದೆ. ಕೆಲವು ಸಲ ಬರುವುದಿಲ್ಲ. ಒಂದು ಹುಡುಗಿಯ ಹೆಸರಿಗೆ ಎಂತ ಮಾಡಿದರೂ ನಡಿಗೆ ಸಿಗದೆ ಸಿನಿಮಾ ಧಾಟಿಯನ್ನೇ ತಿರುಚಿ ಕೊಟ್ಟಿದ್ದೆ. ಅವಳ ಅಜ್ಜಿಗೆ ಗೊತ್ತಾಗಿ ಬೈದರು.

ಸಣ್ಣವಳಿದ್ದಾಗ ನಮ್ಮ ದೊಡ್ಡಪ್ಪನ ಬ್ಯಾಂಡಿನಲ್ಲಿ ನುಡಿಸುತ್ತಿದ್ದೆ. ಅವರು ಹೇಳುತ್ತಿದ್ದದ್ದು, ನಿನ್ನ ಬೆರಳು ನೋಡಬೇಡ, ಕುಣಿಯುವವರ ಕಾಲು ನೋಡು ಅಂತ. ಪದ್ಯ ಕುಂಟುವುದಕ್ಕೂ ಅದೇ ಉತ್ತರ ಇರಬಹುದು. ಬರೆದವರು ತಮ್ಮ ಬೆರಳು ನೋಡಿಕೊಂಡು ಬರೆದಿರುತ್ತಾರೆ. ಪ್ರಾಸ ಒಳ್ಳೆಯದೇ. ಆದರೆ ಅದು ಬರುವ ಮೊದಲೇ ಕೇಳುವವರು ಅದನ್ನು ಹೇಳಿಬಿಟ್ಟರೆ ಆ ಸಾಲಿನಲ್ಲಿ ಮತ್ತೆ ಎಂತ ಉಂಟು?

ಅರಬ್ಬೀ ಹಾಡು ಕಲಿಸಿದ್ದು ಅಲ್ಲಿಯ ಅರಬ್ಬರ ಮನೆಯ ಒಬ್ಬರು ಅಜ್ಜಿ. ಮೊದಲ ಸಲ ಅವರ ಮನೆಯ ಹೆಂಗಸರ ಹಾಲ್‌ನಲ್ಲಿ ನಾನು ನುಡಿಸುವಾಗ ಒಂದು ಸ್ವರ ಬಂದಾಗಲೆಲ್ಲ ತಲೆ ಅಲ್ಲಾಡಿಸುತ್ತಿದ್ದರು. ನಮ್ಮ ಎರಡು ಸ್ವರಗಳ ನಡುವೆ ಅವರಿಗೆ ಇನ್ನೊಂದು ಸ್ವರ ಉಂಟು. ಕೀಬೋರ್ಡಿನಲ್ಲಿ ಸ್ವರವನ್ನು ಅಷ್ಟೇ ಅಷ್ಟು ಇಳಿಸುವ ಗುಂಡಿ ಇರುತ್ತದೆ. ನಾನು ಒಂದೊಂದೇ ಒತ್ತುತ್ತಾ ಹೋದೆ. ಅವರು ಪಕ್ಕ ಬಂದು ಕುಳಿತು ನನ್ನ ಮಣಿಕಟ್ಟು ಹಿಡಿದುಕೊಂಡರು. ಸರಿಯಾದದ್ದು ಬಂದಾಗ ಕೈ ಬಿಟ್ಟರು. ಮಾತು ಒಂದೂ ಇಲ್ಲ. ಇದನ್ನು ಬಿನ್ನವತ್ತಳೆಯಲ್ಲಿ ಹಾಕಬೇಡಿ, ಮನೆಯವರ ಗುರುತು ಸಿಕ್ಕೀತು.

ನಗು ಬಾರದ ಆ ಸಾಲು ಯಾವುದು ಅಂತ ನನ್ನನ್ನೂ ಕೇಳಬೇಡಿ. ಅಲ್ಲಿ ಎಲ್ಲರೂ ಬುರ್ಖಾ ತೆಗೆದಿಟ್ಟು ಕೂತಿರುತ್ತಾರೆ. ನನ್ನ ಬೆರಳಿಗಿಂತ ಮೊದಲು ಅವರು ನೋಡುವುದು, ಇವಳು ಹೊರಗೆ ಹೋಗಿ ಮಾತಾಡುವವಳಾ ಅಂತ. ಆ ನಂಬಿಕೆ ಒಂದು ಸಲ ಹೋದರೆ ಒಂದು ಹಾಲ್ ಅಲ್ಲ, ಎಲ್ಲಾ ಹಾಲ್ ಹೋಗುತ್ತದೆ.

ಕೊನೆಗೆ ನನ್ನದೊಂದು ಪ್ರಶ್ನೆ. ಈ ಮೊದಲು ಭೈರಪ್ಪ ಸರ್‌ಗೆ ಶಾಲು ಹಾಕಿದ್ದಿರಿ. ಅಬ್ಬಾಸ್‌ಕಾಕನಿಗೂ ಹಾಕಿದ್ದಿರಿ. ನಾನೇ ನುಡಿಸಿದ್ದೆ. ಅವರೆಲ್ಲ ಈಗ ಎಲ್ಲಿದ್ದಾರೆ? ನಿಧಾನಕ್ಕೆ ಯೋಚಿಸಿ ಬರೆಯಿರಿ.

ಟಿಕೆಟ್ ಬರಲಿಲ್ಲ.

ರೋಸ್‌ಮೇರಿ


ದೋಹಾ
3 ಸೆಪ್ಟೆಂಬರ್ 1996

ರೋಸ್‌ಮೇರಿ ಬಾಯಿಯವರೇ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಶಹನಾ! ಲಘು, ಲಘು, ಗುರು. ನಮ್ಮ ಛಂದಸ್ಸಿನ ಸಗಣ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಅದು ಯಾರದೋ ಅಡುಗೆಮನೆಯಲ್ಲಿ ಓಡಾಡಿಕೊಂಡಿದೆ ಎಂದು ಯಾರೂ ಹೇಳಿರಲಿಲ್ಲ. ಪ್ರಾಸದ ಬಗ್ಗೆ ನೀವು ಬರೆದದ್ದನ್ನು ಓದಿ ಒಂದು ದಿನ ಊಟ ರುಚಿಸಲಿಲ್ಲ, ಮರುದಿನ ಸರಿಹೋಯಿತು.

ನಮ್ಮ ಹಿಂದಿನ ಸನ್ಮಾನಿತರ ವಿವರ ಕೇಳಿದ್ದೀರಿ. ಸಂತೋಷದಿಂದ ಬರೆಯುತ್ತೇನೆ. ಭೈರಪ್ಪನವರು: ಶಾಲೆಯಲ್ಲಿ ಗಣಿತ ಕಲಿಸಿದವರು, "ಗಣಿತಕ್ಕೆ ಅಗಣಿತ" ಎಂದು ನಾನು ಬರೆದು ಚಪ್ಪಾಳೆ ಗಿಟ್ಟಿಸಿದ್ದೆ. ಈಗ ಚನ್ನರಾಯಪಟ್ಟಣದಲ್ಲಿದ್ದಾರೆ. ಅಬ್ಬಾಸ್ ಅವರು: ನಮ್ಮ ಎಲ್ಲ ನಾಟಕಗಳಿಗೂ ಪುಕ್ಕಟೆಯಾಗಿ ವೇಷ ಹೊಲಿದುಕೊಟ್ಟವರು. ಈಗ ಬಂಟ್ವಾಳದಲ್ಲಿ. ಆಸ್ಪತ್ರೆಯ ನರ್ಸ್ ಖೈರುನ್ನಿಸಾ ಅವರು: ಶಾಲು ಹೊದ್ದ ಮರುವಾರವೇ

ಇಲ್ಲಿಗೆ ಪೆನ್ನು ನಿಂತಿತು, ಬಾಯಿಯವರೇ. ಮುಂದಿನ ಹೆಸರುಗಳನ್ನು ಮನಸ್ಸಿನಲ್ಲೇ ನೋಡಿದೆ. ಒಬ್ಬರೂ ದೋಹಾದಲ್ಲಿಲ್ಲ. ನಮ್ಮ ಸಂಘ ಇಲ್ಲೇ ಉಳಿಯುವವರಿಗೆ ಶಾಲು ಹೊದಿಸಿದ್ದೇ ಇಲ್ಲ. ಶುಕ್ರವಾರ ಶಾಲು, ಮುಂದಿನ ಶುಕ್ರವಾರ ಏರ್‌ಪೋರ್ಟು. ಬರೆದವನು ನಾನೇ ಆಗಿದ್ದೂ ನನಗೆ ಹೊಳೆದಿರಲಿಲ್ಲ. ನಾನು ಸನ್ಮಾನ ಎಂದು ಹೇಳಿಕೊಂಡು ತಿರುಗಿದೆ, ಊರೆಲ್ಲ ಬೀಳ್ಕೊಡುಗೆ ಎಂದು ಕೇಳಿಸಿಕೊಂಡಿತು. ನೀವು ವೀಸಾ ಬಿಟ್ಟು ಹೊರಟೇಹೋದಿರಿ, ತನಗೆ ಹೇಳದೆ ಹೋದಿರಿ ಎಂದು ಜಲೀಲರು ತಿಳಿದಿದ್ದಾರೆ. ಕೀಬೋರ್ಡಿಗೆ ಬಟ್ಟೆ ಮುಚ್ಚಿದ್ದು ಅದಕ್ಕೆ. ಮನಿಲಾದ ಹುಡುಗಿ ಬರುತ್ತಿರುವುದು ನಿಮ್ಮ ಜಾಗಕ್ಕೆ.

ಕಾಗದವನ್ನು ಅಲ್ಲಿಗೇ ಬಿಟ್ಟು ಅಂಗಡಿಗೆ ಓಡಿದೆ. ಈಗ ಬಂದು ಮುಂದುವರಿಸುತ್ತಿದ್ದೇನೆ. ಚಿಂತೆ ಬಿಡಿ, ಎಲ್ಲ ಸರಿಪಡಿಸಿದ್ದೇನೆ. ಸನ್ಮಾನ ರದ್ದಾಗಿದೆ ಎಂದು ಜಲೀಲರಿಗೆ ಸ್ಪಷ್ಟವಾಗಿ ತಿಳಿಸಿದೆ. ಯಾಕೆ ರದ್ದಾಯಿತು ಎಂದು ಕೇಳಿದರು. ಸಮಿತಿಯ ಒಳಗಿನ ವಿಚಾರ, ಕಾರಣ ಹೊರಗೆ ಹೇಳುವಂತಿಲ್ಲ ಎಂದು ಗಂಭೀರವಾಗಿ ಹೇಳಿದೆ. ಅವರೂ ಗಂಭೀರವಾದರು. ಪುಟ್ಟಮ್ಮನಿಂದ ಸೌದಾ ಅವರಿಗೂ ಅದೇ ಮಾತು ಹೇಳಿಸಿದ್ದೇನೆ. ಶಾಲು ಇಲ್ಲ ಎಂದ ಮೇಲೆ ಬೀಳ್ಕೊಡುಗೆಯೂ ಇಲ್ಲ, ಅಲ್ಲವೇ? ಇನ್ನು ಟಿಕೆಟ್ ಬರುತ್ತದೆ.

ಸನ್ಮಾನ ಹೋದರೂ ಮಾಹಿತಿ ಸಂಗ್ರಹ ನಿಲ್ಲಬಾರದು ಎಂಬುದು ಸಮಿತಿಯ ಅಭಿಪ್ರಾಯ. ಹೆಸರೇ ಇಲ್ಲದ ಹಾಡನ್ನು, ಉದಾಹರಣೆಗೆ ಕಡಲಿನ ಮೇಲಿನದನ್ನೋ ಕಾಯುವುದರ ಮೇಲಿನದನ್ನೋ, ಎಲ್ಲಿಂದ ಎತ್ತಿಕೊಳ್ಳುತ್ತೀರಿ?

ಗೋಪಿನಾಥ್


ಮಂಗಳೂರು
19 ಸೆಪ್ಟೆಂಬರ್ 1996

ಗೋಪಿನಾಥ್ ಸರ್,

ಮೊನ್ನೆ ಪಕ್ಕದ ಮನೆಯ ಅಪ್ಪಿ ಓಡಿ ಬಂದು ಗಲ್ಫಿನಿಂದ ಫೋನು ಅಂದಳು. ಜಲೀಲ್ ಸಾಹೇಬರು. ಒಂದು ಸಲವೂ ನನ್ನ ಹತ್ತಿರ ಆ ಸ್ವರದಲ್ಲಿ ಮಾತಾಡಿದವರಲ್ಲ. ಹೀಗೆ ಕೇಳಿದರು: "ಬಾಯಿ, ಕೊಡ್ತೇವೆ ಅಂದ ಶಾಲನ್ನು ಸಂಘದವರು ವಾಪಸ್ ತೆಗೊಂಡಿದ್ದಾರೆ. ಕಾರಣ ಹೇಳ್ಲಿಕ್ಕೆ ಆಗುದಿಲ್ಲ ಅಂತಾರೆ. ಹಾಲ್‌ನಲ್ಲಿ ಎಂತಾದ್ರೂ ಆಗಿತ್ತಾ? ಆಗಿದ್ರೆ ನಂಗೆ ಹೇಳಿ, ನಾನು ಯಾರಿಗೂ ಹೇಳುದಿಲ್ಲ."

ಅಪ್ಪಿಯ ಮನೆಯವರೆಲ್ಲ ಸುತ್ತ ನಿಂತಿದ್ದರು. ಏನೂ ಆಗಲಿಲ್ಲ ಅಂತ ಎರಡು ಸಲ ಹೇಳಿದೆ. ಎರಡನೇ ಸಲ ನನಗೇ ಸುಳ್ಳು ಹೇಳಿದ ಹಾಗೆ ಕೇಳಿಸಿತು.

ನಿಮಗೆ ಬರೆದಿದ್ದೆನಲ್ಲ ಸರ್, ಹಾಲ್‌ಗೆ ಹೋಗುವವಳ ಬಗ್ಗೆ. ಕಾರಣ ಗೊತ್ತಿಲ್ಲದಿದ್ದರೆ ಜನ ತಾವೇ ಒಂದು ಕಾರಣ ಮಾಡಿಕೊಳ್ಳುತ್ತಾರೆ. ಒಳಗೆ ಫೋಟೋ ತೆಗೆದಳು ಅನ್ನಬಹುದು. ಒಂದು ಮನೆಯ ಮಾತನ್ನು ಇನ್ನೊಂದು ಮನೆಯಲ್ಲಿ ಆಡಿದಳು ಅನ್ನಬಹುದು. ಸೌದಾರವರು ನನಗೆ ಗುರುತಿನವರ ಕೈಯಲ್ಲಿ ಹೇಳಿ ಕಳಿಸಿದ್ದಾರೆ, ಮಗಳ ಮದುವೆಗೆ ಬೇರೆ ವ್ಯವಸ್ಥೆ ನೋಡುತ್ತೇವೆ, ಬೇಜಾರು ಮಾಡಬೇಡಿ ಅಂತ. ಅವರ ಹಿರಿಯ ಮಗಳ ಮದುವೆಗೆ ನಾನು ಕಟ್ಟಿದ ಹಾಡನ್ನು ಆ ಮನೆಯವರು ಈಗಲೂ ಹಾಡುತ್ತಾರೆ. ಶಾಲು ಕೊಟ್ಟಾಗ ಕೆಲಸ ಹೋಯಿತು. ಹಿಂದೆ ತೆಗೆದಾಗ ಹೆಸರೂ ಹೋಯಿತು. ಹೆಸರು ಇಲ್ಲದ ಹಾಡನ್ನು ಎಲ್ಲಿಂದ ಎತ್ತಿಕೊಳ್ಳುತ್ತೀರಿ ಅಂತ ಸಮಿತಿಯವರು ಕೇಳಿದ್ದಾರೆ. ನನಗೆ ಗೊತ್ತಿಲ್ಲ ಅಂತ ಹೇಳಿ.

ಇಲ್ಲಿ ಒಂದು ಶಾಲೆಯವರು ಬರುತ್ತೀರಾ ಅಂತ ಕೇಳಿದ್ದಾರೆ, ಮಕ್ಕಳಿಗೆ ಪ್ರಾರ್ಥನೆ ನುಡಿಸಲಿಕ್ಕೆ. ದಿನಾ ಅದೇ ಮೂರು ಹಾಡು. ಈ ತಿಂಗಳು ಮುಗಿಯುವುದರೊಳಗೆ ಉತ್ತರ ಕೊಡಬೇಕಿತ್ತು, ಅಕ್ಟೋಬರ್ ಹತ್ತರ ತನಕ ಸಮಯ ಕೇಳಿದ್ದೇನೆ. ಹೌದು ಅಂದರೆ ನಾನು ಮತ್ತೆ ಹಾಲ್‌ನಲ್ಲಿ ನುಡಿಸುವುದಿಲ್ಲ, ಅದು ನನಗೆ ಗೊತ್ತುಂಟು.

ಕಾರ್ಯದರ್ಶಿ ರಿಯಾಝ್ ಅವರಿಗೆ ನೇರ ಬರೆಯಲು ಕೂತೆ. ಬರೆಯಲಿಲ್ಲ. ನನ್ನ ಜೀವನದ ಬಗ್ಗೆ ಇಷ್ಟು ಪ್ರಶ್ನೆ ಕೇಳಿದವರು ಈ ತನಕ ನೀವೊಬ್ಬರೇ. ಅದಕ್ಕೆ ಮೊದಲು ನಿಮ್ಮನ್ನು ಕೇಳುತ್ತೇನೆ. ಸಮಿತಿಯವರು ನನಗೆ ಸನ್ಮಾನ ಮಾಡಬೇಕು ಅಂತ ಯಾಕೆ ಅಂದರು, ಮತ್ತೆ ಬೇಡ ಅಂತ ಯಾಕೆ ಅಂದರು? ಪ್ರಾಸ ಬೇಡ. ಕಾರಣ ಬರೆಯಿರಿ.

ರೋಸ್‌ಮೇರಿ


ದೋಹಾ
4 ಅಕ್ಟೋಬರ್ 1996

ರೋಸ್‌ಮೇರಿ ಬಾಯಿಯವರಿಗೆ,

ಇದನ್ನು ನಾಳೆ ಊರಿಗೆ ಹೊರಟಿರುವ ರಿಯಾಝ್ ಕೈಯಲ್ಲಿ ಕಳಿಸುತ್ತಿದ್ದೇನೆ, ಹತ್ತನೇ ತಾರೀಕಿಗೆ ಮುಂಚೆ ನಿಮಗೆ ಮುಟ್ಟಲಿ ಎಂದು. ಜೊತೆಯಲ್ಲಿರುವ ಕವರಿನಲ್ಲಿ ಜಲೀಲರು ಕೊಟ್ಟ ಟಿಕೆಟ್ ಇದೆ. ನವೆಂಬರ್ ಮೊದಲ ವಾರದ್ದು, ವೀಸಾದ ಗಡುವಿನ ಒಳಗಿನದು. ಮನಿಲಾದ ಹುಡುಗಿಯೂ ಬರುತ್ತಾಳೆ, ಅದನ್ನು ತಡೆಯಲು ಈಗ ಅವರಿಂದಾಗದು. ಅವಳು ಅಂಗಡಿಯಲ್ಲಿ ಕೂರಲಿ, ಬಾಯಿ ಹಾಲ್‌ಗೆ ಹೋಗಲಿ ಎನ್ನುತ್ತಿದ್ದಾರೆ. ಅದು ನಿಮಗೆ ಒಪ್ಪಿಗೆಯೇ ಎಂದು ನೀವೇ ಅವರಿಗೆ ಹೇಳಬೇಕು.

ನಿಮ್ಮ ಕಾಗದ ಓದಿ ಮುಗಿಸಿ ಪುಟ್ಟಮ್ಮನ ಕೈಗೆ ಕೊಟ್ಟೆ. ಅವಳು ಓದಿ, "ಇಷ್ಟ್ ಓದ್ಕಂಡು ಇದೇನ್ರೀ ಮಾಡುದ್ರಿ? ನೆಟ್ಗೆ ಬಾಯ್ಬಿಟ್ಟು ಹೇಳಿ, ನಡೀರಿ" ಎಂದು ನನ್ನನ್ನು ಹೊರಡಿಸಿಕೊಂಡು ಹೋದಳು. ಮೊದಲು ಅಂಗಡಿಗೆ. ಜಲೀಲರು ಎಲ್ಲ ಕೇಳಿಕೊಂಡರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡ್ರಾಯರು ಎಳೆದು ಟ್ರಾವೆಲ್ಸಿನವರ ನಂಬರು ಹುಡುಕತೊಡಗಿದರು.

ಅಲ್ಲಿಂದ ಮುಐದರ್‌ಗೆ. ಸೌದಾ ಅವರು ಪರದೆಯ ಆಚೆ ಕುಳಿತು ಕೇಳಿದರು. ನಾನು ಹೇಳಿ ಮುಗಿಸಿದೆ. ಆಮೇಲೆ, "ಅಂದ್ರೆ ಬಾಯಿ ಮೇಲೆ ಎಂತದೂ ಇಲ್ಲ?"

"ಏನೂ ಇಲ್ಲ."

"ಎಲ್ಲಾ ನಿಮ್ದೇ?"

"ಎಲ್ಲ ನನ್ನದೇ."

"ಇದನ್ನು ನೀವು ಇನ್ನೂ ನಾಲ್ಕು ಮನೆಗೆ ಹೋಗಿ ಹೇಳ್ಬೇಕು ಗೋಪಿನಾಥಣ್ಣ. ನಾನು ಹೇಳಿದ್ರೆ ಸಾಲುದಿಲ್ಲ."

ಹೋದೆ. ಎರಡು ಮನೆಯವರು ಆಗಲೇ ಬಹರೈನಿನ ಯಾರೋ ಒಬ್ಬರಿಗೆ ಮಾತು ಕೊಟ್ಟಿದ್ದರು, ಅವು ನಿಮ್ಮ ಕೈ ತಪ್ಪಿದವು. ಶಹನಾಳ ಮದುವೆ ನಿಮ್ಮದೇ. ಒಂದು ಮಧ್ಯಾಹ್ನ ಮುಂಚಿತವಾಗಿ ಅಡುಗೆಮನೆಗೆ ಬನ್ನಿ ಎಂದು ಸೌದಾ ಹೇಳಿ ಕಳಿಸಿದ್ದಾರೆ.

ನಿನ್ನೆ ಸಂಘದಲ್ಲೂ ಹೇಳಿದೆ. ಈ ವರ್ಷದಿಂದ ಬಿನ್ನವತ್ತಳೆ ಬರೆಯುವ ಜವಾಬ್ದಾರಿ ಬೆಂಗಳೂರಿನ ಸುಪ್ರೀತ್ ಅವರದು. ಅವರಿಗೆ ಕಂಪ್ಯೂಟರ್ ಗೊತ್ತು.

ಕಾರಣ ಕೇಳಿದ್ದೀರಿ. ಐದು ಮನೆ, ಒಂದು ಅಂಗಡಿ, ಒಂದು ಸಂಘದಲ್ಲಿ ಹೇಳಿ ಬಂದವನಿಗೆ ನಿಮ್ಮೊಬ್ಬರಿಗೆ ಬರೆಯುವುದೇ ಕಷ್ಟವಾಗಿ ಇಷ್ಟು ಹೊತ್ತು ಟಿಕೆಟ್ಟು, ಮದುವೆ ಎಂದು ಸುತ್ತು ಹಾಕುತ್ತಿದ್ದೇನೆ.

ಸಮಿತಿ ನಿಮಗೆ ಸನ್ಮಾನ ಮಾಡುತ್ತೇನೆ ಎಂದೂ ಹೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಎಲ್ಲ ಕೇಳಿದವನು ನಾನು. ನಾನು ಹಾಡು ಬರೆಯುತ್ತೇನೆ, ಬಾಯಿಯವರೇ. ಯಾರೂ ಹಾಡಿಲ್ಲ, ಯಾರಿಗೂ ತೋರಿಸಿಲ್ಲ, ಪುಟ್ಟಮ್ಮನಿಗೂ ಈ ವಾರವೇ ಗೊತ್ತಾದದ್ದು. ಅವು ಹಾಡಾಗುತ್ತವೆಯೇ ಎಂದು ನಿಮ್ಮನ್ನು ಕೇಳಬೇಕಿತ್ತು. ನೇರವಾಗಿ ಕೇಳಿದರೆ ನೀವು ಇಲ್ಲ ಅಂದುಬಿಡಬಹುದಿತ್ತು. ಸಮಿತಿಗೆ ಯಾರೂ ಇಲ್ಲ ಅನ್ನುವುದಿಲ್ಲ. ಅದಕ್ಕೇ ಸಮಿತಿಯಾದೆ.

ಗೋಪಿನಾಥ್